ಬಾಯಿಂದ ನಿಪ್ಪಲ್ ಬಿಡಿಸುವ ಹೊತ್ತು

ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ಗೆ ಅಂಟಿಕೊಂಡಿರುವ ಫ್ರೆಡೆರಿಕ್ಸ್‌ಬರ್ಗ್‌ನಲ್ಲಿ ಹಳೆಯ ಅರಮನೆಯ ತೋಟವೊಂದಿದೆ. ಅಲ್ಲೊಂದು ಮರದ ಕೊಂಬೆಗಳಿಗೆ ಹಣ್ಣಿನ ಬದಲು ಪ್ಯಾಸಿಫೈಯರ್‌ಗಳು, ಅಂದರೆ ನಾವು ನಿಪ್ಪಲ್ ಎನ್ನುವ, ಮಕ್ಕಳು ಸುಮ್ಮನೆ ಚೀಪುವ ತೊಟ್ಟುಗಳು ನೇತುಬಿದ್ದಿವೆ. ಒಂದೆರಡಲ್ಲ, ಗೊಂಚಲು ಗೊಂಚಲು. ಕೆಂಪು, ನೀಲಿ, ಹಳದಿ ರಿಬ್ಬನ್ನುಗಳಲ್ಲಿ ಕಟ್ಟಿದವು, ಮಳೆ ಬಿಸಿಲಿಗೆ ಬಣ್ಣಗೆಟ್ಟವು, ಚೀಟಿ ಅಂಟಿಸಿಕೊಂಡವು. ಎರಡೋ ಮೂರೋ ವರ್ಷ ತುಂಬಿದ ಮಗುವನ್ನು ಅಪ್ಪ ಅಮ್ಮ ಅಲ್ಲಿಗೆ ಕರೆತರುತ್ತಾರೆ. ಮಗು ಹುಟ್ಟಿದಾರಭ್ಯ ತನ್ನ ಜೊತೆಗಿದ್ದ ವಸ್ತುವನ್ನು ತಾನೇ ಕೊಂಬೆಗೆ ಕಟ್ಟುತ್ತದೆ, ಕೈಬೀಸಿ ಮನೆಗೆ ಹೋಗುತ್ತದೆ. ಆ ರಾತ್ರಿ ಮನೆಯಲ್ಲಿ ರಂಪ ನಡೆಯುವುದಿಲ್ಲವೆಂದಲ್ಲ. ಆದರೆ ಬಿಟ್ಟು ಬಂದದ್ದು ಎಲ್ಲಿದೆ ಎಂದು ಮಗುವಿಗೆ ಗೊತ್ತಿರುತ್ತದೆ.

ನಮ್ಮ ಕಡೆ ಇದೇ ಕೆಲಸಕ್ಕೆ ಕಾಗೆಯನ್ನು ಹಚ್ಚುತ್ತೇವೆ. "ನಿಪ್ಪಲ್ಲಾ? ಕಾಗೆ ಎತ್ಕೊಂಡು ಹೋಯ್ತಲ್ಲ ಪುಟ್ಟಾ" ಎನ್ನುತ್ತಾಳೆ ಅಜ್ಜಿ. ಕೆಲವು ಮನೆಗಳಲ್ಲಿ ಕಾಗೆಯ ಪಾತ್ರಕ್ಕೆ ಬೆಕ್ಕೋ ಗುಮ್ಮನೋ ಬರುತ್ತಾರೆ. ಮಗು ಕಿಟಕಿಯ ಕಡೆ ನೋಡುತ್ತದೆ, ತುಟಿ ಮುರಿಯುತ್ತದೆ, ರಚ್ಚೆ ಹಿಡಿಯುತ್ತದೆ. ಮರದ ಕತೆಯಲ್ಲಿ ಮಗು ಕೊಟ್ಟು ಬರುತ್ತದೆ. ಕಾಗೆಯ ಕತೆಯಲ್ಲಿ ಮಗುವಿನದ್ದು ಕಳುವಾಗುತ್ತದೆ. ಅದೂ ಆಡಿಸುವ ಕಾಗೆ, ತುತ್ತಿಗೆ ಕರೆಯುವ ಕಾಗೆ ಕಳ್ಳನಾಗುತ್ತದೆ.

ಪ್ಯಾಸಿಫೈಯರ್ ಕೊಡಬೇಕೇ ಬೇಡವೇ ಎಂಬ ಬಗ್ಗೆ ವೈದ್ಯಲೋಕ ನೂರು ವರ್ಷಗಳಿಂದ ಜಗಳವಾಡುತ್ತ ಬಂದಿದೆ. ಕೊಟ್ಟದ್ದನ್ನು ಬಿಡಿಸುವುದು ಹೇಗೆ ಎಂಬ ಬಗ್ಗೆ ಅದು ಹೇಳುವುದು ಬಹಳ ಕಡಿಮೆ. ತಾಯಂದಿರಿಗೆ ಬೇಕಿರುವುದು ಎರಡನೆಯ ಪ್ರಶ್ನೆಗೆ ಉತ್ತರ. ಗ್ರಂಥಾಲಯ ತುಂಬಿರುವುದು ಮೊದಲನೆಯದರ ಉತ್ತರಗಳಿಂದ. ಹಾಗೆಂದು ಮೊದಲನೆಯದನ್ನು ಹಾರಿ ಮುಂದೆ ಹೋಗುವಂತಿಲ್ಲ. ಯಾವುದಕ್ಕಾಗಿ ಕೊಟ್ಟೆವೋ ಆ ಕಾರಣ ಎಷ್ಟು ದಿನ ಉಳಿಯುತ್ತದೆ ಎಂದು ತಿಳಿದರೆ ಬಿಡಿಸುವ ಹೊತ್ತೂ ತಾನಾಗಿ ತಿಳಿಯುತ್ತದೆ.

ವಸ್ತು ಹೊಸದೇನಲ್ಲ. ಜರ್ಮನಿಯ ವೈದ್ಯ ಬಾರ್ಥೊಲೊಮಿಯಸ್ ಮೆಟ್ಲಿಂಗರ್ 1473ರಲ್ಲೇ ತನ್ನ ಮಕ್ಕಳ ಆರೈಕೆಯ ಪುಸ್ತಕದಲ್ಲಿ ಇಂಥದ್ದನ್ನು ಪ್ರಸ್ತಾಪಿಸಿದ್ದ. ಅಲ್‌ಬ್ರೆಖ್ಟ್ ಡ್ಯೂರರ್ 1506ರಲ್ಲಿ ಬರೆದ, ಈಗ ಬರ್ಲಿನ್ನಿನಲ್ಲಿರುವ ಮಾತೆ ಮೇರಿಯ ಚಿತ್ರದಲ್ಲಿ ಬಾಲಯೇಸುವಿನ ಕೈಯಲ್ಲಿ ಬಟ್ಟೆಯ ಗಂಟೊಂದಿದೆ. ಸಿಹಿ ಪದಾರ್ಥ ಕಟ್ಟಿ ಚೀಪಲು ಕೊಡುತ್ತಿದ್ದ ಗಂಟು ಅದು. ಯುರೋಪಿನಲ್ಲಿ ಆ ಗಂಟನ್ನು ಬ್ರಾಂದಿಯಲ್ಲಿ ಅದ್ದುತ್ತಿದ್ದುದೂ ಉಂಟು. ಮುಂಬಯಿಯ ಹತ್ತಿ ಗಿರಣಿಗಳಿಗೆ ದುಡಿಯಲು ಹೋಗುತ್ತಿದ್ದ ತಾಯಂದಿರು ಮಗು ಎಚ್ಚರಾಗದಿರಲೆಂದು ಅಫೀಮಿನ ಗುಳಿಗೆ ಕೊಡುತ್ತಿದ್ದ ಕಾಲವೊಂದಿತ್ತು ಎಂಬುದನ್ನು ನೆನೆದರೆ, ಬರಿಯ ರಬ್ಬರ್ ಚೀಪುವುದು ಸಾಧುವಾದ ಅಭ್ಯಾಸವೇ ಸರಿ. ತೊಟ್ಟು, ತುಟಿಗೆ ಅಡ್ಡವಾಗುವ ತಟ್ಟೆ, ಹಿಂದೊಂದು ಬಳೆ ಎಂಬ ಇಂದಿನ ಆಕಾರಕ್ಕೆ 1900ರಲ್ಲಿ ಪೇಟೆಂಟ್ ಪಡೆದವನು ನ್ಯೂಯಾರ್ಕಿನ ಕ್ರಿಶ್ಚಿಯನ್ ಮೈನೆಕೆ. ಆಮೇಲೆ ರಬ್ಬರ್ ಹೋಗಿ ಸಿಲಿಕೋನ್ ಬಂತು, ದವಡೆಗೆ ಹೊಂದುವಂಥದ್ದು ಎಂದು ಚಪ್ಪಟೆ ತೊಟ್ಟು ಬಂತು. ಮೂಲ ವಿನ್ಯಾಸ ಬದಲಾಗಿಲ್ಲ.

ಮಗುವಿಗೆ ಚೀಪುವುದನ್ನು ಯಾರೂ ಕಲಿಸಬೇಕಾಗಿಲ್ಲ. ಗರ್ಭದಲ್ಲೇ ಅದು ಹೆಬ್ಬೆರಳು ಬಾಯಿಗಿಟ್ಟುಕೊಂಡಿರುವುದು ಸ್ಕ್ಯಾನಿಂಗಿನಲ್ಲಿ ಕಾಣುತ್ತದೆ. ಹೊಟ್ಟೆ ತುಂಬಿಸಿಕೊಳ್ಳಲು ಚೀಪುವುದು ಒಂದು. ಹಾಲಿಲ್ಲದೆ ಸುಮ್ಮನೆ ಚೀಪುತ್ತ ಸಮಾಧಾನಗೊಳ್ಳುವುದು ಇನ್ನೊಂದು. ಈ ಎರಡನೆಯದಕ್ಕೂ ಲಾಭವಿದೆ. ಅವಧಿಗೆ ಮುಂಚೆ ಹುಟ್ಟಿ, ಮೂಗಿನ ನಳಿಗೆಯಿಂದ ಹಾಲು ಕುಡಿಯುವ ಕೂಸುಗಳಿಗೆ ಪ್ಯಾಸಿಫೈಯರ್ ಕೊಟ್ಟರೆ ಅವು ಬಾಯಿಯಿಂದ ಹಾಲು ಕುಡಿಯುವುದನ್ನು ಬೇಗ ಕಲಿಯುತ್ತವೆ, ಆಸ್ಪತ್ರೆಯಿಂದ ಬೇಗ ಮನೆಗೆ ಹೋಗುತ್ತವೆ ಎಂಬುದಕ್ಕೆ ಒಳ್ಳೆಯ ಆಧಾರಗಳಿವೆ. ನಿದ್ದೆಯಲ್ಲೇ ಕಾರಣ ತಿಳಿಯದೆ ಶಿಶು ಸಾಯುವ ಪ್ರಕರಣಗಳು ಪ್ಯಾಸಿಫೈಯರ್ ಬಾಯಲ್ಲಿಟ್ಟುಕೊಂಡು ಮಲಗುವ ಮಕ್ಕಳಲ್ಲಿ ಕಡಿಮೆ ಎಂದು ಹಲವು ಅಧ್ಯಯನಗಳು ಹೇಳಿದ ಮೇಲೆ, 2005ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮಲಗಿಸುವಾಗ ಅದನ್ನು ಕೊಡಿ ಎಂದೇ ಸಲಹೆ ಮಾಡಿತು. ಎದೆಹಾಲು ಕುಡಿಯುವ ಮಗುವಾದರೆ ಹಾಲು ಚೆನ್ನಾಗಿ ಹೊಂದಿಕೊಳ್ಳುವವರೆಗೆ ಕಾಯಿರಿ, ನಿದ್ದೆಯಲ್ಲಿ ಬಾಯಿಂದ ಜಾರಿದರೆ ಮತ್ತೆ ತುರುಕಬೇಡಿ, ಕೊರಳಿಗೆ ದಾರ ಕಟ್ಟಿ ನೇತುಹಾಕಬೇಡಿ ಎಂಬ ಷರತ್ತುಗಳೂ ಅದರ ಸಲಹೆಯಲ್ಲಿವೆ.

ಈ ಸಾವುಗಳು ಹೆಚ್ಚಾಗಿ ಸಂಭವಿಸುವುದು ಮೊದಲ 6 ತಿಂಗಳಲ್ಲಿ. ಮೊದಲ ಹುಟ್ಟುಹಬ್ಬದ ಕೇಕ್ ಕತ್ತರಿಸುವ ಹೊತ್ತಿಗೆ ಅಪಾಯದ ಅವಧಿ ಕಳೆದಿರುತ್ತದೆ. ಚೀಪುವ ಸಹಜ ಬಯಕೆಯ ತೀವ್ರತೆಯೂ ಅಷ್ಟರಲ್ಲಿ ಇಳಿದಿರುತ್ತದೆ. ಒಂದೂವರೆ ವರ್ಷದ ಮಗುವಿನ ಬಾಯಲ್ಲಿ ಇರುವುದು ಅಗತ್ಯವಲ್ಲ, ಅಭ್ಯಾಸ.

ಎದೆಹಾಲಿನ ಕಡೆಯಿಂದ ಬಂದ ಆಕ್ಷೇಪ ಹಳೆಯದು. 1989ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಪ್ರಕಟಿಸಿದ ಹತ್ತು ಸೂತ್ರಗಳಲ್ಲಿ ಒಂಬತ್ತನೆಯದು ಎದೆಹಾಲು ಕುಡಿಯುವ ಮಕ್ಕಳಿಗೆ ಕೃತಕ ತೊಟ್ಟು, ಪ್ಯಾಸಿಫೈಯರ್ ಕೊಡಲೇಬಾರದು ಎನ್ನುತ್ತಿತ್ತು. ಕೆನಡಾದ ಮಾಂಟ್ರಿಯಲ್‌ನಲ್ಲಿ 281 ತಾಯಂದಿರನ್ನು ಸೇರಿಸಿಕೊಂಡು ನಡೆಸಿ 2001ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ಸೂತ್ರದ ಬುಡವನ್ನು ಸ್ವಲ್ಪ ಅಲುಗಿಸಿತು. ಪ್ಯಾಸಿಫೈಯರ್ ಹೆಚ್ಚು ಬಳಸಿದವರಲ್ಲಿ ಎದೆಹಾಲು ಬೇಗ ನಿಂತಿತ್ತು ನಿಜ. ಆದರೆ ಹಾಲೂಡಿಸಲು ಕಷ್ಟಪಡುತ್ತಿದ್ದ ತಾಯಂದಿರೇ ಪ್ಯಾಸಿಫೈಯರಿನ ಮೊರೆಹೋಗುತ್ತಿದ್ದರು ಎಂಬ ಸೂಚನೆ ಅದರಲ್ಲಿ ಸಿಕ್ಕಿತು. 2018ರಲ್ಲಿ ಆ ಒಂಬತ್ತನೆಯ ಸೂತ್ರವೇ ಮೆದುವಾಯಿತು: ಬಾಟಲಿ, ತೊಟ್ಟು, ಪ್ಯಾಸಿಫೈಯರ್‌ಗಳ ಬಳಕೆ ಮತ್ತು ಅಪಾಯದ ಬಗ್ಗೆ ತಾಯಿಗೆ ತಿಳಿಹೇಳಿ ಎಂಬಷ್ಟಕ್ಕೆ ಬಂತು. ಭಾರತದಲ್ಲಿ 1992ರ ಕಾಯ್ದೆ, 2003ರ ತಿದ್ದುಪಡಿಯೊಂದಿಗೆ, ಶಿಶು ಆಹಾರ ಮತ್ತು ಹಾಲೂಡಿಸುವ ಬಾಟಲಿಗಳ ಜಾಹೀರಾತನ್ನು ನಿಷೇಧಿಸಿದೆ. ಬಾಟಲಿಯೂ ಅದರ ನಿಪ್ಪಲ್ಲೂ ಆ ಹಿಡಿತಕ್ಕೆ ಬರುತ್ತವೆ. ಪ್ಯಾಸಿಫೈಯರ್ ಮಾತ್ರ ಮೆಡಿಕಲ್ ಸ್ಟೋರಿನ ಗಾಜಿನ ಕಪಾಟಿನಲ್ಲಿ ಗೊಂಬೆಯ ಮುಖ ಹೊತ್ತು ರಾಜಾರೋಷವಾಗಿ ಕೂತಿರುತ್ತದೆ.

ಇನ್ನು ಬಿಡಿಸಲು ಇರುವ ಕಾರಣಗಳು. ಮೊದಲು ಕಿವಿ. ಫಿನ್ಲೆಂಡಿನ ಸಂಶೋಧಕರು 14 ಶಿಶು ಆರೋಗ್ಯ ಕೇಂದ್ರಗಳಲ್ಲಿ ಸರಳವಾದ ಪ್ರಯೋಗ ಮಾಡಿ 2000ದಲ್ಲಿ ಪ್ರಕಟಿಸಿದರು. ಅರ್ಧದಷ್ಟು ಕೇಂದ್ರಗಳಲ್ಲಿ ನರ್ಸುಗಳು ತಂದೆತಾಯಿಗೆ ಒಂದು ಕರಪತ್ರ ಕೊಟ್ಟು, 6 ತಿಂಗಳಾದ ಮೇಲೆ ಮಗು ನಿದ್ದೆಹೋಗುವ ಹೊತ್ತಿಗೆ ಮಾತ್ರ ಪ್ಯಾಸಿಫೈಯರ್ ಕೊಡಿ ಎಂದು ತಿಳಿಹೇಳಿದರು. ಉಳಿದ ಕೇಂದ್ರಗಳಲ್ಲಿ ಏನೂ ಹೇಳಲಿಲ್ಲ. ಹೇಳಿದ ಕಡೆ ಸದಾ ಬಾಯಲ್ಲಿಟ್ಟುಕೊಳ್ಳುವ ಅಭ್ಯಾಸ ಶೇ 21ರಷ್ಟು ಇಳಿಯಿತು, ನಡುಗಿವಿಯ ಸೋಂಕು ಶೇ 29ರಷ್ಟು ಕಡಿಮೆಯಾಯಿತು. ಯಾರಿಗೂ ಪೂರ್ತಿ ಬಿಡಿ ಎಂದಿರಲಿಲ್ಲ. ಗಂಟೆಗಳನ್ನು ಇಳಿಸಿ ಎಂದಷ್ಟೇ ಹೇಳಿದ್ದರು. ಮೂಗಿನ ಹಿಂಬದಿಯಿಂದ ನಡುಗಿವಿಗೆ ಹೋಗುವ ಸಣ್ಣ ಕೊಳವೆ ಮಕ್ಕಳಲ್ಲಿ ಗಿಡ್ಡ, ಹೆಚ್ಚು ಅಡ್ಡಡ್ಡ. ಸದಾ ಚೀಪುವಾಗ ಒತ್ತಡ ಏರುಪೇರಾಗಿ ಗಂಟಲ ಸ್ರಾವ ಅತ್ತ ನುಗ್ಗುತ್ತದೆ ಎಂಬುದು ಕಾರಣವಾಗಿ ಹೇಳುವ ಮಾತು. ನೆಗಡಿ ಬಂದಾಗಲೆಲ್ಲ ರಾತ್ರಿ ಕಿವಿ ಹಿಡಿದುಕೊಂಡು ಅಳುವ ಮಗುವಿನ ಮನೆಯವರು ಈ ಪ್ರಯೋಗವನ್ನು ನೆನಪಿಟ್ಟುಕೊಳ್ಳಬಹುದು.

ಹಲ್ಲಿನ ವಿಷಯ ಇದಕ್ಕಿಂತ ದೊಡ್ಡದು, ಕಣ್ಣಿಗೂ ಕಾಣುವಂಥದ್ದು. ಸದಾ ಪ್ಯಾಸಿಫೈಯರ್ ಚೀಪುವ ಎರಡೂವರೆ ವರ್ಷದ ಮಗುವಿಗೆ ಹಲ್ಲು ಕಚ್ಚಿ ಈ ಎನ್ನು ಎಂದು ಹೇಳಿ ನೋಡಬೇಕು. ಹಿಂದಿನ ಹಲ್ಲುಗಳು ಕೂಡಿದ್ದರೂ ಮುಂದೆ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಗುಂಡಗಿನ ಸಂದೊಂದು ಉಳಿದಿರುತ್ತದೆ. ಪ್ಯಾಸಿಫೈಯರಿನ ಬುಡ ಅದರಲ್ಲಿ ಅಳತೆ ತೆಗೆದಂತೆ ಕೂರುತ್ತದೆ. ಆ ಮಗು ಚಪಾತಿ ಚೂರನ್ನು ಮುಂದಿನ ಹಲ್ಲಿನಲ್ಲಿ ಹರಿಯಲಾರದೆ ಪಕ್ಕಕ್ಕೆ ತಳ್ಳಿಕೊಂಡು ತಿನ್ನುತ್ತದೆ. ಕಾಣದ ಬದಲಾವಣೆ ಇನ್ನೊಂದಿದೆ. ಬಾಯಲ್ಲಿ ತೊಟ್ಟು ಇದ್ದಾಗ ನಾಲಿಗೆ ಮೇಲಂಗುಳಕ್ಕೆ ತಾಗದೆ ಕೆಳಗೇ ಬಿದ್ದಿರುತ್ತದೆ, ಕೆನ್ನೆಯ ಸ್ನಾಯುಗಳು ಹೊರಗಿನಿಂದ ಒತ್ತುತ್ತಲೇ ಇರುತ್ತವೆ. ಒಳಗಿನ ಆಸರೆಯಿಲ್ಲದ ಮೇಲ್ದವಡೆ ಕ್ರಮೇಣ ಕಿರಿದಾಗುತ್ತದೆ. ಆಮೇಲೆ ಮೇಲಿನ ದವಡೆ ಹಲ್ಲುಗಳು ಕೆಳಗಿನವುಗಳ ಹೊರಗೆ ಕೂರುವ ಬದಲು ಒಳಗೆ ಕೂರುತ್ತವೆ.

ಅಮೆರಿಕದ ಐಯೋವಾದಲ್ಲಿ 372 ಮಕ್ಕಳನ್ನು ಹುಟ್ಟಿನಿಂದಲೂ ಗಮನಿಸುತ್ತ ಬಂದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಚೀಪುವ ಅಭ್ಯಾಸ 4 ವರ್ಷದಾಚೆಗೂ ಉಳಿದವರಲ್ಲಿ ಸುಮಾರು ಶೇ 71 ಮಕ್ಕಳಿಗೆ ಹಲ್ಲಿನ ಜೋಡಣೆಯಲ್ಲಿ ದೋಷವಿತ್ತು. 2ರಿಂದ 4 ವರ್ಷದ ನಡುವೆ ಬಿಟ್ಟವರಲ್ಲಿ ಇದು ಶೇ 36, 2 ವರ್ಷದೊಳಗೆ ಬಿಟ್ಟವರಲ್ಲಿ ಶೇ 14. ಹಲ್ಲನ್ನು ಜರುಗಿಸುವುದು ಒತ್ತಡದ ಜೋರಲ್ಲ, ಒತ್ತಡ ಇರುವ ಹೊತ್ತು. ದಿನಕ್ಕೆ ಸುಮಾರು 6 ಗಂಟೆ ಸಣ್ಣ ಒತ್ತಡ ಬಿದ್ದರೂ ಹಲ್ಲು ಜಾಗ ಬಿಡುತ್ತದೆ ಎಂದು ವಕ್ರದಂತ ತಜ್ಞರು ಹೇಳುತ್ತಾರೆ. ಹಲ್ಲಿಗೆ ತಂತಿ ಹಾಕಿ ಸರಿಪಡಿಸುವ ಇಡೀ ವಿದ್ಯೆ ನಿಂತಿರುವುದು ಇದರ ಮೇಲೆಯೇ. ರಾತ್ರಿಯಿಡೀ ಚೀಪುವ ಮಗು ಬೆಳಗಾಗುವುದರಲ್ಲಿ ಆ ಲೆಕ್ಕವನ್ನು ಮುಗಿಸಿರುತ್ತದೆ. ಸಮಾಧಾನದ ಸಂಗತಿಯೂ ಇದೆ: ಹಾಲು ಹಲ್ಲಿನ ವಯಸ್ಸಿನಲ್ಲೇ ಅಭ್ಯಾಸ ನಿಂತರೆ ಮುಂದಿನ ಸಂದು ಬಹುಪಾಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ದವಡೆ ಕಿರಿದಾಗಿ ಹಿಂದಿನ ಹಲ್ಲು ಅಡ್ಡವಾದದ್ದು ಅಷ್ಟು ಸುಲಭದಲ್ಲಿ ಸರಿಹೋಗುವುದಿಲ್ಲ. ಚಪ್ಪಟೆ ತೊಟ್ಟಿನ ದುಬಾರಿ ಪ್ಯಾಸಿಫೈಯರ್ ತಂದರೆ ಹೆದರಬೇಕಿಲ್ಲ ಎಂದು ನಂಬಿದವರು ಬಹಳ. ವರ್ಷಗಟ್ಟಲೆ ಚೀಪಿದರೆ ಯಾವ ಆಕಾರವೂ ಹಲ್ಲನ್ನು ಕಾಯುವುದಿಲ್ಲ.

ಮಾತಿನ ಬಗ್ಗೆ ಮನೆಯವರಿಗೆ ಇರುವಷ್ಟು ಭಯಕ್ಕೆ ತಕ್ಕ ಪುರಾವೆ ಇಲ್ಲ. ಚಿಲಿಯ ಪ್ಯಾಟಗೋನಿಯಾದಲ್ಲಿ 128 ಮಕ್ಕಳನ್ನು ನೋಡಿದ 2009ರ ಅಧ್ಯಯನ, 3 ವರ್ಷ ಅಥವಾ ಹೆಚ್ಚು ಕಾಲ ಪ್ಯಾಸಿಫೈಯರ್ ಬಳಸಿದವರಲ್ಲಿ ಉಚ್ಚಾರಣೆಯ ತೊಂದರೆ ಸುಮಾರು 3 ಪಟ್ಟು ಹೆಚ್ಚು ಎಂದಿತು. 2021ರಲ್ಲಿ ಇಂಗ್ಲೆಂಡಿನಿಂದ ಬಂದ ಅಧ್ಯಯನಕ್ಕೆ ಅಂಥ ದೊಡ್ಡ ನಂಟೇನೂ ಕಾಣಲಿಲ್ಲ. ಹಗಲಲ್ಲಿ ಹೆಚ್ಚು ಬಳಸುವವರ ಉಚ್ಚಾರಣೆಯಲ್ಲಿ ಮಾತ್ರ ಅಸಹಜ ತಪ್ಪುಗಳು ತುಸು ಹೆಚ್ಚಿದ್ದವು. ಆದರೆ ಇದಕ್ಕೆ ಸಂಶೋಧನೆಯ ತನಕ ಹೋಗಬೇಕೆಂದೇನಿಲ್ಲ. ಬಾಯಿಗೆ ಬಿರಡೆ ಹಾಕಿಕೊಂಡ ಮಗು ಹಗಲಲ್ಲಿ ಎಷ್ಟು ಮಾತಾಡೀತು? "ಅಜ್ಜಿ, ನೀರು" ಎನ್ನಬೇಕಾದ ಕಡೆ ಬೆರಳು ತೋರಿಸಿ ಊಂ ಎಂದರೆ ನೀರು ಬರುತ್ತದೆ.

ಹಾಗಾದರೆ ಯಾವಾಗ ಬಿಡಿಸಬೇಕು? ಇಲ್ಲಿ ಪಂಡಿತರಲ್ಲಿ ಒಮ್ಮತವಿಲ್ಲ. ಬ್ರಿಟನ್ನಿನ ಆರೋಗ್ಯ ಸಲಹೆ 6ರಿಂದ 12 ತಿಂಗಳ ನಡುವೆ ನಿಧಾನಕ್ಕೆ ಹಿಂತೆಗೆದುಕೊಳ್ಳಿ ಎನ್ನುತ್ತದೆ. ಕಿವಿಯನ್ನು ಲೆಕ್ಕಕ್ಕಿಡುವ ಅಮೆರಿಕದ ವೈದ್ಯರು ಎರಡನೆಯ 6 ತಿಂಗಳಲ್ಲೇ ಕಡಿಮೆ ಮಾಡಿ ಎನ್ನುತ್ತಾರೆ. ಅದೇ ದೇಶದ ಮಕ್ಕಳ ದಂತವೈದ್ಯರು 3 ವರ್ಷ ಮೀರದಿರಲಿ ಎಂದು ಗಡುವು ಹಾಕುತ್ತಾರೆ. ಒಬ್ಬೊಬ್ಬರು ಒಂದೊಂದು ಅಂಗವನ್ನು ಕಾಯುತ್ತಿರುವುದರಿಂದ ಗಡುವುಗಳೂ ಬೇರೆಬೇರೆ. ಇವನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ದಾರಿ ಕಾಣುತ್ತದೆ: ವರ್ಷ ತುಂಬುವ ಹೊತ್ತಿಗೆ ಹಗಲಿನದ್ದು ಹೋಗಬೇಕು, ಎರಡು ತುಂಬುವ ಆಸುಪಾಸಿನಲ್ಲಿ ರಾತ್ರಿಯದ್ದೂ ಹೋಗಬೇಕು, ಮೂರು ಕೊನೆಯ ಗೆರೆ. ವರ್ಷದೊಳಗೆ ಬಿಡಿಸುವವರಿಗೆ ಕೆಲಸ ಹಗುರ. 8 ತಿಂಗಳ ಮಗು ಕಾಣದ ವಸ್ತುವನ್ನು ಬೇಗ ಮರೆಯುತ್ತದೆ. ಒಂದೂವರೆ ವರ್ಷದ್ದಕ್ಕೆ ಹೆಸರು ಗೊತ್ತು, ಇಟ್ಟ ಜಾಗ ಗೊತ್ತು, ಹಠವೂ ಗೊತ್ತು.

ಹೇಗೆ ಎಂಬುದಕ್ಕೆ ಬಂದರೆ, 2015ರಲ್ಲಿ, ವೈದ್ಯಕೀಯ ಪುರಾವೆಗಳನ್ನು ಒಟ್ಟುಹಾಕಿ ತೂಗುವ ಕೊಕ್ರೇನ್ ಸಂಸ್ಥೆಯ ವಿಮರ್ಶಕರು ಚೀಪುವ ಅಭ್ಯಾಸ ಬಿಡಿಸುವ ಬಗ್ಗೆ ನಡೆದ ನಂಬಲರ್ಹ ಪ್ರಯೋಗಗಳನ್ನೆಲ್ಲ ಜಾಲಾಡಿದರು. ಸಿಕ್ಕಿದ್ದು 6 ಪ್ರಯೋಗ, ಒಟ್ಟು 252 ಮಕ್ಕಳು. ಅವುಗಳ ಮುಖ್ಯ ಕಾಳಜಿ ಬೆರಳು ಚೀಪುವ ಮಕ್ಕಳು. ಮೆಚ್ಚಿ ಪ್ರೋತ್ಸಾಹಿಸುವುದು, ಅಂಗುಳಕ್ಕೆ ತಂತಿಯ ತಡೆ ಹಾಕುವುದು ಇಂಥವು ಏನೂ ಮಾಡದಿರುವುದಕ್ಕಿಂತ ಮೇಲು ಎಂದು ತೋರಿತು, ಆದರೆ ಪುರಾವೆ ಗಟ್ಟಿಯಲ್ಲ ಎಂದು ಅವರೇ ಬರೆದರು. ಲೋಕದಲ್ಲಿ ಕೋಟ್ಯಂತರ ಮಕ್ಕಳು ಬಳಸುವ ವಸ್ತುವನ್ನು ಬಾಯಿಂದ ಬಿಡಿಸುವ ಬಗೆಗೆ ವಿಜ್ಞಾನದ ಬಂಡವಾಳ ಇಷ್ಟೇ. ಹತ್ತೇ ದಿನ, ಮೂರೇ ರಾತ್ರಿ ಎಂದು ಖಚಿತ ಸೂತ್ರ ಮಾರುವವರ ಮಾತನ್ನು ಆ ಲೆಕ್ಕದಲ್ಲಿ ಕೇಳಬೇಕು.

ಪುರಾವೆ ತೆಳುವಾದ ಕಡೆ ಅನುಭವವೇ ಗತಿ. ಎರಡು ದಾರಿಗಳು ಬಳಕೆಯಲ್ಲಿವೆ. ಒಂದು ಮೆಲ್ಲಮೆಲ್ಲನೆ ಕಡಿಮೆ ಮಾಡುವುದು. ಮೊದಲು ಪ್ಯಾಸಿಫೈಯರಿಗೆ ಜಾಗ ಗೊತ್ತುಮಾಡಬೇಕು: ಅದು ಹಾಸಿಗೆ ಬಿಟ್ಟು ಹೊರಗೆ ಬರುವುದಿಲ್ಲ. ಆಟಕ್ಕೆ, ಕಾರಿಗೆ, ಮದುವೆ ಮನೆಗೆ ಇಲ್ಲ. ಚೀಪಬೇಕೆನಿಸಿದರೆ ಹಾಸಿಗೆಗೆ ಹೋಗಿ ಚೀಪಲಿ. ಆಟ ಬಿಟ್ಟು ಒಬ್ಬಂಟಿಯಾಗಿ ಅಲ್ಲಿ ಕೂರುವುದು ಬಹಳ ಮಕ್ಕಳಿಗೆ ಬೇಗ ಬೇಸರ ತರುತ್ತದೆ. ಹಗಲು ಗೆದ್ದ ಮೇಲೆ ಮಧ್ಯಾಹ್ನದ ನಿದ್ದೆ, ಆಮೇಲೆ ರಾತ್ರಿ. ಇನ್ನೊಂದು ದಾರಿ ಒಂದೇ ದಿನ ನಿಲ್ಲಿಸಿಬಿಡುವುದು. ಎರಡು ವರ್ಷ ದಾಟಿ ಮಾತು ತಿಳಿಯುವ ಮಗುವಿಗೆ ಇದು ಒಗ್ಗಬಹುದು, ಮೊದಲೇ ಹೇಳಿ ತಯಾರು ಮಾಡಿದ್ದರೆ. ಕೆಲವು ರಾತ್ರಿ ಅಳು ಗ್ಯಾರಂಟಿ. ಆ ರಾತ್ರಿಗಳಲ್ಲಿ ದೊಡ್ಡವರು ಮಾಡುವ ಎಡವಟ್ಟು ಒಂದೇ: ಒಂದು ಗಂಟೆ ಅಳಿಸಿ, ಸೋತು, ಕೊನೆಗೆ ಕೊಟ್ಟುಬಿಡುವುದು. ಗಂಟೆಗಟ್ಟಲೆ ಅತ್ತರೆ ಸಿಗುತ್ತದೆ ಎಂಬ ಪಾಠವನ್ನು ಮಗು ಒಂದೇ ರಾತ್ರಿಯಲ್ಲಿ ಕಲಿಯುತ್ತದೆ. ಕೊಡುವುದೇ ಆದರೆ ಮೊದಲ ಐದು ನಿಮಿಷದಲ್ಲೇ ಕೊಟ್ಟು, ಇನ್ನೊಂದು ತಿಂಗಳು ಬಿಟ್ಟು ಮತ್ತೆ ಶುರುಮಾಡುವುದು ಲೇಸು. ಮನೆ ಬದಲಾಯಿಸುವ ವಾರ, ತಂಗಿಯೋ ತಮ್ಮನೋ ಹುಟ್ಟಿದ ತಿಂಗಳು, ಅಂಗನವಾಡಿಗೋ ಪ್ಲೇಸ್ಕೂಲಿಗೋ ಸೇರಿಸಿದ ಹೊಸತು, ಜ್ವರದ ದಿನಗಳು ಇದಕ್ಕೆ ಹೊತ್ತಲ್ಲ.

ಕೊಂಬೆಗೆ ಕಟ್ಟುವುದು, ರಾತ್ರಿ ಬಂದು ಒಯ್ದು ಆಟಿಕೆ ಇಟ್ಟುಹೋಗುವ ಯಕ್ಷಿಣಿಯ ಕತೆ ಹೇಳುವುದು ಎರಡನೆಯ ದಾರಿಯ ಸಿಂಗಾರಗಳು. ಜರ್ಮನಿಯಲ್ಲೂ ಅಂಥ ಮರಗಳಿವೆ, ಯಕ್ಷಿಣಿಯೂ ಇದ್ದಾಳೆ. ಕನ್ನಡದ ಮನೆಗಳಲ್ಲಿ ಇದನ್ನು ಆಮದು ಮಾಡಿಕೊಳ್ಳಬೇಕಿಲ್ಲ. ಎರಡೂವರೆ ವರ್ಷದ ಮಗುವಿನ ಕೈಯಿಂದಲೇ ಹಳೆಯ ಪ್ಯಾಸಿಫೈಯರನ್ನು ಡಬ್ಬಿಗೆ ಹಾಕಿಸಿ, ಮುಚ್ಚಳ ಹಾಕಿಸಿ, ಅಟ್ಟದ ಮೇಲಿಡಿಸಿದರೂ ಆಯಿತು. ಕೊಡುವವನು ಮಗುವೇ ಆಗಿರಬೇಕು. ಕಾಗೆಯ ಕತೆ ಸೋಲುವುದು ಇಲ್ಲಿಯೇ. ಕಳೆದುಕೊಂಡವನಿಗೆ ಹುಡುಕುವ ಹಕ್ಕು ಉಳಿದಿರುತ್ತದೆ, ಕೊಟ್ಟವನಿಗೆ ಕೊಟ್ಟ ಹೆಮ್ಮೆ.

ಅಜ್ಜಿಯರ ಬತ್ತಳಿಕೆಯಲ್ಲಿ ಇನ್ನೊಂದು ಅಸ್ತ್ರವಿದೆ, ಕಹಿ. ಎದೆಹಾಲು ಬಿಡಿಸಲು ಬೇವಿನೆಲೆ ಅರೆದು ಹಚ್ಚುವುದು, ಲೋಳೆಸರದ ಲೋಳೆ ಸವರುವುದು ಹಳ್ಳಿಗಳಲ್ಲಿ ಇಂದಿಗೂ ಇದೆ. ಅದೇ ಉಪಾಯ ಪ್ಯಾಸಿಫೈಯರಿಗೂ ಬಂದಿದೆ. ಕೆಲವು ಮಕ್ಕಳು ಮುಖ ಕಿವುಚಿ ಎಸೆಯುತ್ತವೆ, ಕೆಲವು ಅಂಗಿಗೆ ಒರೆಸಿಕೊಂಡು ಮತ್ತೆ ಬಾಯಿಗಿಡುತ್ತವೆ. ಬೇವಿನ ಎಣ್ಣೆ ಮಾತ್ರ ಕೂಡದು. ಪುಟ್ಟ ಮಕ್ಕಳ ಹೊಟ್ಟೆಗೆ ಅದು ವಿಷವಾದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಮೆಣಸಿನಕಾಯಿ ಹಚ್ಚುವುದಂತೂ ಶಿಕ್ಷೆಯೇ ಹೊರತು ಉಪಾಯವಲ್ಲ. ತೊಟ್ಟಿನ ತುದಿಯನ್ನು ದಿನಕ್ಕಿಷ್ಟು ಕತ್ತರಿಯಿಂದ ಕತ್ತರಿಸುತ್ತ ಹೋದರೆ ಗಾಳಿ ನುಗ್ಗಿ ಚೀಪುವ ಸುಖ ತಪ್ಪುತ್ತದೆ ಎಂಬ ಸಲಹೆ ಎಲ್ಲೆಡೆ ಹರಿದಾಡುತ್ತಿದೆ. ಅದು ಅಪಾಯ. ಕತ್ತರಿ ತಾಗಿದ ಸಿಲಿಕೋನ್ ಅಲ್ಲಿಂದಲೇ ಸೀಳಿ ತುಂಡಾಗಿ ಗಂಟಲಿಗೆ ಸಿಕ್ಕಬಹುದು. ಅಮೆರಿಕದಲ್ಲಿ 1977ರಲ್ಲಿ ಹೊರಡಿಸಿದ ನಿಯಮದ ಪ್ರಕಾರ ಪ್ಯಾಸಿಫೈಯರ್ ಸುಮಾರು 4.5 ಕಿಲೊ ಎಳೆತಕ್ಕೂ ಬಿಡಿಭಾಗವಾಗಬಾರದು, ತಟ್ಟೆ ಬಾಯೊಳಗೆ ಹೋಗದಷ್ಟು ಅಗಲವಿರಬೇಕು, ಅದರಲ್ಲಿ ಗಾಳಿಗೆ ತೂತುಗಳಿರಬೇಕು. ಅಂಥ ಪರೀಕ್ಷೆ ಗೆದ್ದು ಬಂದದ್ದನ್ನು ಮನೆಯಲ್ಲಿ ಕತ್ತರಿಸಿದರೆ ಆ ಭದ್ರತೆಯೆಲ್ಲ ಹೋಯಿತು. ಹಲ್ಲಿನ ಗುರುತು ಬಿದ್ದ, ಅಂಟಂಟಾದ, ಬುಡದಲ್ಲಿ ಬಿರುಕು ಬಿಟ್ಟ ಪ್ಯಾಸಿಫೈಯರನ್ನು ಬಿಡಿಸುವ ದಿನದವರೆಗೆ ಕಾಯದೆ ಎಸೆಯಬೇಕು.

ಜೇನಿನ ಮಾತು ಇಲ್ಲಿ ಬಿಡುವಂತಿಲ್ಲ. ಹುಟ್ಟಿದ ಕೂಸಿನ ನಾಲಿಗೆಗೆ ಜೇನು ನೆಕ್ಕಿಸುವ ಸಂಪ್ರದಾಯವಿರುವ ನಾಡು ನಮ್ಮದು. ಅಳುವ ಮಗುವಿನ ನಿಪ್ಪಲ್ಲನ್ನು ಜೇನಿನಲ್ಲಿ ಅದ್ದಿ ಕೊಡುವುದು ಅದರ ಮುಂದುವರಿಕೆ. 2018ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಜೇನು ತುಂಬಿದ ಪ್ಯಾಸಿಫೈಯರ್ ಚೀಪಿದ ನಾಲ್ಕು ಶಿಶುಗಳು ಬೊಟುಲಿಸಂ ಎಂಬ ನರ ನಿಶ್ಚೇಷ್ಟಗೊಳಿಸುವ ಕಾಯಿಲೆಯಿಂದ ಆಸ್ಪತ್ರೆ ಸೇರಿದವು. ಪ್ಯಾಸಿಫೈಯರ್‌ಗಳನ್ನು ಮೆಕ್ಸಿಕೊದಿಂದ ಕೊಂಡು ತಂದಿದ್ದರು. ವರ್ಷದೊಳಗಿನ ಮಗುವಿನ ಕರುಳಿಗೆ ಜೇನಿನಲ್ಲಿರಬಹುದಾದ ಆ ರೋಗಾಣುವಿನ ಬೀಜಕಗಳನ್ನು ತಡೆಯುವ ಶಕ್ತಿಯಿಲ್ಲ. ವರ್ಷ ದಾಟಿದವರಿಗೆ ಆ ಭಯ ಇಲ್ಲ, ಆದರೆ ರಾತ್ರಿಯಿಡೀ ಸಿಹಿ ಚೀಪಿದರೆ ಹಾಲು ಹಲ್ಲು ಹುಳುಕಾಗುವುದು ಖಂಡಿತ.

ಹೊಸ ಕಾಲದ ಕನ್ನಡ ಮನೆಯಲ್ಲಿ ಪ್ಯಾಸಿಫೈಯರ್ ಹೆಚ್ಚಿದ್ದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ತುಂಬಿದ ಮನೆಯಲ್ಲಿ ಮಗು ಅತ್ತರೆ ಅಜ್ಜಿ ಎತ್ತಿಕೊಳ್ಳುತ್ತಿದ್ದಳು, ಆಕೆ ಸೋತರೆ ಅತ್ತೆ, ಆಕೆಯೂ ಸೋತರೆ ಪಕ್ಕದ ಮನೆಯ ಹುಡುಗಿ. ತೊಟ್ಟಿಲಿತ್ತು, ಜೋಗುಳವಿತ್ತು. ಬೆಂಗಳೂರಿನ ಹತ್ತನೆಯ ಮಹಡಿಯ ಫ್ಲ್ಯಾಟಿನಲ್ಲಿ, ಬೆಳಗ್ಗೆ ಒಂಬತ್ತಕ್ಕೆ ಮೀಟಿಂಗ್ ಇರುವ ದಂಪತಿ, ರಾತ್ರಿ ಎರಡು ಗಂಟೆಗೆ ಎದ್ದು ಅಳುವ ಮಗು. ಇವರ ನಡುವೆ ಎಪ್ಪತ್ತು ಎಂಬತ್ತು ರೂಪಾಯಿಯ ರಬ್ಬರ್ ತುಂಡು ಬಂದು ನಿಂತಿದೆ. ಅವರನ್ನು ಬೈಯುವುದು ಅನ್ಯಾಯ. ಆದರೆ ಆ ರಬ್ಬರ್ ಮಾಡುತ್ತಿದ್ದ ಕೆಲಸವನ್ನು ಬಿಡಿಸುವ ದಿನ ಯಾರೋ ಕೈಯಾರೆ ಮಾಡಬೇಕಾಗುತ್ತದೆ ಎಂಬುದೂ ನಿಜ. ಬೆನ್ನು ತಟ್ಟುವುದು, ಒಂದೇ ಹಾಡನ್ನು ಹತ್ತು ಸಲ ಹೇಳುವುದು, ತಬ್ಬಿಕೊಳ್ಳಲು ಮೆತ್ತನೆಯ ಗೊಂಬೆಯನ್ನೋ ಅಮ್ಮನ ಹಳೆಯ ಹತ್ತಿ ಸೀರೆಯ ತುಂಡನ್ನೋ ಕೊಡುವುದು. ಊರಿಂದ ಅಜ್ಜಿ ತಾತ ಬಂದಿರುವ ವಾರ ಇದಕ್ಕೆ ಒಳ್ಳೆಯದು, ಮನೆಮಂದಿಯೆಲ್ಲ ಒಂದೇ ಮಾತಿಗೆ ನಿಂತರೆ. ಅಮ್ಮ ಇಲ್ಲ ಎಂದದ್ದನ್ನು ತಾತ ಜೇಬಿನಿಂದ ತೆಗೆದುಕೊಟ್ಟರೆ ಮುಗಿಯಿತು. ಡೇಕೇರಿನಲ್ಲಿ ಬಿಡುವ ಮಗುವಾದರೆ ಅಲ್ಲಿನ ಆಯಾಗೂ ಹೇಳಿರಬೇಕು.

ಪ್ಯಾಸಿಫೈಯರ್ ತೆಗೆದು ಕೈಗೆ ಮೊಬೈಲ್ ಕೊಡುವ ಮನೆಗಳೂ ಇವೆ. ಭಾರತೀಯ ಮಕ್ಕಳ ವೈದ್ಯರ ಸಂಘ 2 ವರ್ಷದೊಳಗಿನವರಿಗೆ ಸ್ಕ್ರೀನ್ ಬೇಡವೇ ಬೇಡ ಎಂದಿದೆ. ಮಲಗುವಾಗ ಹಾಲಿನ ಬಾಟಲಿ ಬಾಯಿಗಿಡುವುದು ಇದಕ್ಕಿಂತ ಕೆಟ್ಟ ಬದಲಿ. ಪ್ಯಾಸಿಫೈಯರ್ ಹಲ್ಲನ್ನು ಸರಿಸುತ್ತದೆ, ರಾತ್ರಿಯ ಬಾಟಲಿ ಹಲ್ಲನ್ನೇ ತಿನ್ನುತ್ತದೆ.

ಇನ್ನೊಂದು ಅನುಮಾನ ಎಲ್ಲ ತಾಯಂದಿರನ್ನೂ ಕಾಡುತ್ತದೆ: ಇದನ್ನು ಬಿಡಿಸಿದರೆ ಬೆರಳು ಚೀಪಲು ಶುರುಮಾಡಿದರೆ? ಕೆಲವು ಮಕ್ಕಳು ಹಾಗೆ ಮಾಡುವುದುಂಟು, ಹೆಚ್ಚಿನವು ಮಾಡುವುದಿಲ್ಲ. ಹೆಬ್ಬೆರಳು ಬಿಡಿಸುವುದು ಪ್ಯಾಸಿಫೈಯರ್ ಬಿಡಿಸುವುದಕ್ಕಿಂತ ಕಷ್ಟ ಎಂಬುದಂತೂ ನಿಜ, ಅದನ್ನು ಡಬ್ಬಿಗೆ ಹಾಕಿ ಅಟ್ಟಕ್ಕಿಡಲು ಬರುವುದಿಲ್ಲ. ಬುಡಾಪೆಸ್ಟಿನ ಮಕ್ಕಳ ವೈದ್ಯ ಲಿಂಡ್ನರ್ 1879ರಲ್ಲೇ ಬೆರಳು ಚೀಪುವ ಮಕ್ಕಳ ಬಗ್ಗೆ ಪ್ರಬಂಧ ಬರೆದ. ಮನೋವಿಶ್ಲೇಷಕ ಫ್ರಾಯ್ಡ್ 1905ರಲ್ಲಿ ಅದನ್ನು ಹಿಡಿದುಕೊಂಡು ಎಲ್ಲೆಲ್ಲಿಗೋ ಹೋದ. ಅಲ್ಲಿಂದ ಬಂದ ಹೆದರಿಕೆಗಳಲ್ಲಿ ಬಹುಪಾಲನ್ನು ಈಗ ಯಾರೂ ಲೆಕ್ಕಕ್ಕಿಡುವುದಿಲ್ಲ. ಬೆರಳು ಚೀಪುವ ಎರಡು ವರ್ಷದ ಮಗುವಿನ ಕೈಗೆ ಹೊಡೆಯುವುದರಿಂದ ಆಗುವ ಲಾಭ ಒಂದೂ ಇಲ್ಲ.

ಎರಡು ವರ್ಷದ ಮಗುವಿನ ಬಾಯಲ್ಲಿ ಹಗಲಲ್ಲೂ ಪ್ಯಾಸಿಫೈಯರ್ ಇದ್ದರೆ ಈ ವಾರ ಮೊದಲು ಮಾಡಬೇಕಾದ ಕೆಲಸ ಪೂರ್ತಿ ಕಿತ್ತುಕೊಳ್ಳುವುದಲ್ಲ, ಅದನ್ನು ಹಾಸಿಗೆಗೆ ಸೀಮಿತ ಮಾಡುವುದು. ಮೂರು ತುಂಬಿದ ಮೇಲೂ ಬಿಡದಿದ್ದರೆ, ಅಥವಾ ಹಲ್ಲು ಕಚ್ಚಿದಾಗ ಮುಂದೆ ಸಂದು ಕಂಡರೆ, ಮಕ್ಕಳ ದಂತವೈದ್ಯರಿಗೆ ಒಮ್ಮೆ ತೋರಿಸಿ. ಹಾಲು ಹಲ್ಲು ಹೇಗೂ ಬಿದ್ದುಹೋಗುತ್ತದಲ್ಲ ಎಂದು ಕಾಯಬೇಡಿ. ಮುಂದಿನ ಹಲ್ಲುಗಳು ಬರುವುದು ಅದೇ ದವಡೆಯಲ್ಲಿ.